ತಾಯಮ್ಮ ಸೈನ್ ವಾಪಸ್ ಕೇಳಿದ ಆಷಾಢ

ಹೋದ ವಾರ ಪಕ್ಕದ ಮನೆಯವರ ಗೃಹಪ್ರವೇಶದ ಕಾರ್ಡು ತರಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೈದಾ ಅಂಟಿನ ವಾಸನೆ ಮೂಗಿಗೆ ಬಂತು. ಅದು ಒಳ್ಳೆಯ ವಾಸನೆಯೇನಲ್ಲ. ಮೈಲುತುತ್ತ ಬೆರೆಸದಿದ್ದರೆ ಎರಡನೆಯ ದಿನಕ್ಕೆ ಹುಳಿಯಾಗಿ, ಮೂರನೆಯ ದಿನಕ್ಕೆ ಹುಳ ಬೀಳುತ್ತದೆ. ಮೂವತ್ತೆಂಟು ವರ್ಷ ಅದನ್ನು ಬೆರಳಿಗೆ ಮೆತ್ತಿಕೊಂಡು ಬದುಕಿದವಳಿಗೆ ಅದರ ಮೇಲೆ ಪ್ರೀತಿ ಉಕ್ಕುವುದಿಲ್ಲ. ಆದರೂ ಆ ದಿನ ಮೆಟ್ಟಿಲ ಮೇಲೆ ನಿಂತು ಒಬ್ಬಳೇ ನಕ್ಕೆ. ಮೂರು ವರ್ಷದ ಹಿಂದಿನ ಆಷಾಢ ನೆನಪಾಯಿತು.

ನನ್ನ ಹೆಸರು ನಂಜಮ್ಮ. ಮನೆ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿಯಲ್ಲ. ಅಕ್ಷರ ಕೂಡಿಸಲು ಕಲಿತದ್ದು ಇದೇ ಅಂಗಡಿಯಲ್ಲಿ, ಮದುವೆ ಕಾರ್ಡು ಮಡಚುತ್ತಾ. ಉದ್ದದ ಮೇಜಿನ ಸುತ್ತ ಐದು ಜನ ಹೆಂಗಸರು ಕೂರುತ್ತಿದ್ದೆವು. ನಾನು, ತಾಯಮ್ಮ, ರಾಜಮ್ಮ, ಲಕ್ಷ್ಮೀದೇವಿ, ಗಿರಿಜಮ್ಮ. ದಿನಕ್ಕೆ ಸಾವಿರಗಟ್ಟಲೆ ಕಾರ್ಡು ಮಡಚಿ ಕವರಿಗೆ ತುಂಬುವುದು ನಮ್ಮ ಕೆಲಸ. ನಮ್ಮ ಮದುವೆಗಳಿಗೆ ಕಾರ್ಡೇ ಇರಲಿಲ್ಲ, ಬಾಯಲ್ಲಿ ಹೇಳಿ ಕರೆದಿದ್ದರು. ಇರಲಿ.

ಆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರೂಫ್ ತೆಗೆಯುತ್ತಿದ್ದರು. ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಾರ್ಟಿಯವರು ಬರೆದುಕೊಟ್ಟ ಹಾಳೆಯ ಮೇಲೆ ಕಣ್ಣು ಓಡಿಸಬೇಕು. ಆಮೇಲೆ ಪಾರ್ಟಿಯವರು, ಅಂದರೆ ಮದುವೆ ಮನೆಯವರು, ಅದರ ಮೇಲೆ ಸೈನ್ ಹಾಕಬೇಕು. ಸೈನ್ ಬೀಳದೆ ಮೆಷಿನ್ನು ತಿರುಗುವಂತಿಲ್ಲ. ಸೈನ್ ಬಿದ್ದ ಮೇಲೆ ಒಂದು ಚುಕ್ಕೆ ಬದಲಾಗುವಂತಿಲ್ಲ. ದೊಡ್ಡ ಸಾಹುಕಾರರು ಇದ್ದಾಗಲೂ ಹಾಗೇ, ಅವರ ಮಗ ರುದ್ರಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೇಲೂ ಹಾಗೇ.

ಕಣ್ಣು ಮಂದವಾಯಿತು ಅಂತ ನಾನು ಕೆಲಸ ಬಿಟ್ಟೆ. ಬಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಮನೆಯಲ್ಲಿ ತಪ್ಪು ಅಚ್ಚಾಗಿ ವೇಸ್ಟಾದ ಕಾರ್ಡುಗಳ ಕಟ್ಟು ಒಂದಿತ್ತು, ಅದರ ಹಿಂಬದಿ ಖಾಲಿ. ಅಲ್ಲಿ ಬರೆಯಲು ಶುರು ಮಾಡಿದೆ. ಆ ಮೇಜಿನ ಕತೆಗಳು. ಒಂದು ಕತೆಗೆ ಎರಡು ಕಾರ್ಡು, ಹೆಚ್ಚೆಂದರೆ ಮೂರು. ಜಾಗ ಮುಗಿದರೆ ಕತೆ ಮುಗಿಯಿತು. ಒಂಬತ್ತು ಕತೆ ಆದಾಗ ಆಷಾಢ ಬಂತು.

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಸುಲ್ತಾನ್‌ಪೇಟೆಗೆ ಕೆಲಸ ಇಲ್ಲ. ಅಂಗಡಿಗಳ ಮುಂದೆ ಗಾಳಿಗೆ ಸ್ಯಾಂಪಲ್ ಕಾರ್ಡುಗಳು ಪಟಪಟ ಅನ್ನುತ್ತವೆ. ಮಳೆ ನೆಟ್ಟಗೆ ಬೀಳುವುದೂ ಇಲ್ಲ, ಬಿಡುವುದೂ ಇಲ್ಲ. ಅಂಥ ಒಂದು ಮಧ್ಯಾಹ್ನ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ರುದ್ರಣ್ಣ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಪೇಪರ್ ಓದುತ್ತಿದ್ದರು. ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಶೈಲಜಾ ಕೈಕಟ್ಟಿ ಕೂತಿದ್ದಳು. ನಲವತ್ತೈದು ದಾಟಿದ ಹೆಂಗಸು. ಅವಳ ಬೆರಳು ಬಿಡುವಾಗಿರುವುದನ್ನು ನಾನು ಆಷಾಢದಲ್ಲಿ ಮಾತ್ರ ನೋಡಿದ್ದು.

ಅವಳು ಮೊದಲ ಕಾರ್ಡು ಓದಿದಳು. ಎರಡನೆಯದಕ್ಕೆ ನಕ್ಕಳು. ಮೂರನೆಯದಕ್ಕೆ ಎದ್ದು ಹೋಗಿ ರುದ್ರಣ್ಣನಿಗೆ ಓದಿ ಹೇಳಿದಳು.

"ನಂಜಮ್ಮನೋರೆ, ಇದೆಲ್ಲ ನೀವೇ ಬರ್ದಿದ್ದಾ?" ಅಂದರು ಅವರು.

"ಇನ್ಯಾರು ಬರೀತಾರೆ ಸಾವ್ಕಾರ್ರೆ. ನಿಮ್ಮಪ್ಪ ನನ್ನ ಬೈದಿದ್ದು ನನಗಲ್ದೆ ಇನ್ಯಾರಿಗೆ ಗೊತ್ತು."

"ಇದನ್ನ ಆನ್‌ಲೈನ್ ಹಾಕ್ಬಿಡೋಣ," ಅಂದಳು ಶೈಲಜಾ.

ಎಲ್ಲಿ ಹಾಕುವುದು ಅನ್ನುವುದರ ಮೇಲೆ ಮೂರು ದಿನ ಮಾತು ನಡೆಯಿತು. ಬೈಟು ಕಾಫಿ ತರಿಸಿಕೊಂಡು, ಮಡಚುವ ಮೇಜಿನ ಮೇಲೇ ಕೂತು. ಶೈಲಜಾ ಬಸ್ಸಿನಲ್ಲಿ ಬರುವಾಗ ಹೋಗುವಾಗ ಒಂದು ಕತೆ ಆ್ಯಪ್ ಓದುತ್ತಿದ್ದಳು. ಅದರಲ್ಲಿ ಜನ ಜಾತ್ರೆಯಂತೆ ಇದ್ದಾರೆ, ಬರೆದ ದಿನವೇ ಓದುತ್ತಾರೆ, ಕಾಮೆಂಟ್ ಹಾಕುತ್ತಾರೆ ಅಂದಳು. ರುದ್ರಣ್ಣ ಇನ್ನೊಂದು ಜಾಗ ಹೇಳಿದರು. ಅಲ್ಲಿ ಪುಸ್ತಕದ ಹಾಗೆ ಮುಖಪುಟ ಮಾಡಿ ಹಾಕಿದರೆ, ಯಾರಾದರೂ ಕೇಳಿದಾಗ ಒಂದೊಂದೇ ಪ್ರತಿ ಅಚ್ಚು ಮಾಡಿ ಮನೆಗೆ ಕಳಿಸುತ್ತಾರಂತೆ. ಅಚ್ಚಿನ ಮನೆಯ ಮನುಷ್ಯ, ಅವರಿಗೆ ಕಾಗದ ಬೇಕು. ಮೂರನೆಯದು ಇಂಟರ್‌ನೆಟ್ಟಿನಲ್ಲಿ ನಮ್ಮದೇ ಒಂದು ಪುಟ ಮಾಡಿಕೊಳ್ಳುವುದು. ಯಾರ ಹಂಗೂ ಇಲ್ಲ.

"ಅಲ್ಲಿಗೆ ಜನ ಬರ್ತಾರಾ?" ಅಂತ ಕೇಳಿದೆ.

"ತಾವಾಗೇ ಯಾರೂ ಬರಲ್ಲ. ನಾವೇ ಕರೀಬೇಕು," ಅಂದಳು.

"ಹಂಗಾದ್ರೆ ಬೇಡ. ಜನ ಇರೋ ಕಡೆ ಹಾಕು."

ನನಗೆ ಆಸೆ ಇತ್ತು. ಅದನ್ನು ಮುಚ್ಚಿಡುವುದೇನು. ಮೂವತ್ತೆಂಟು ವರ್ಷ ಬೇರೆಯವರ ಹೆಸರು ಮಡಚಿದ್ದೇನೆ, ನನ್ನ ಹೆಸರೂ ನಾಲ್ಕು ಜನ ನೋಡಲಿ ಅನ್ನಿಸಿತು.

ಆದರೆ ಹಾಕುವ ಮುಂಚೆ ಪ್ರೂಫ್ ಆಗಬೇಕು ಅಂದೆ. ಕತೆಯಲ್ಲಿ ಇರುವವರು ಬದುಕಿರುವ ಹೆಂಗಸರು. ಅವರೇ ಇಲ್ಲಿ ಪಾರ್ಟಿ. ಅವರು ಕೇಳಿ, ಸೈನ್ ಹಾಕಿದರೆ ಮಾತ್ರ. ಶೈಲಜಾ ತಲೆ ಚಚ್ಚಿಕೊಂಡಳು, ರುದ್ರಣ್ಣ ಮಾತ್ರ ಸರಿ ಅಂದರು. ಅವಳು ಟೈಪ್ ಮಾಡಿ ಕಾರ್ಡಿನ ಕಾಗದದ ಮೇಲೆ ತೆಗೆದುಕೊಟ್ಟಳು. ಕೊಡೆ ಹಿಡಿದುಕೊಂಡು ಊರು ಸುತ್ತಿದೆ.

ಮಾವಳ್ಳಿಯ ರಾಜಮ್ಮ ಕೇಳುತ್ತಾ ಕೇಳುತ್ತಾ ನಿದ್ದೆ ಹೋದಳು, ಎದ್ದು ಸೈನ್ ಹಾಕಿದಳು. ಅವಳು ಮೇಜಿನ ಮುಂದೆಯೂ ಹಾಗೇ. ಗಿರಿಜಮ್ಮ ತನ್ನ ಮೂಗುತಿಯ ವಿಷಯ ತೆಗೆಸಿದಳು. ಲಕ್ಷ್ಮೀದೇವಿ ತನ್ನ ವಯಸ್ಸಿನಲ್ಲಿ ನಾಲ್ಕು ವರ್ಷ ಕಡಿಮೆ ಮಾಡಿಸಿದಳು. ಪಾರ್ಟಿ ಹೇಳಿದಂತೆ ತಿದ್ದಿದೆ.

ಕೊನೆಗೆ ಬಿನ್ನಿಪೇಟೆಯ ತಾಯಮ್ಮ. ಅವಳದ್ದೇ ದೊಡ್ಡ ಕತೆ.

ಒಂದು ವರ್ಷ ವೈಶಾಖದಲ್ಲಿ ನಾವು ಒಂದು ಕಾರ್ಡು ಮಡಚಿದ್ದೆವು. ಗಂಡಿನ ತಾತನ ಹೆಸರು ರೈಲಿನಷ್ಟು ಉದ್ದ, ಮಡಿಕೆ ಸರಿಯಾಗಿ ಆ ಹೆಸರಿನ ಮೇಲೇ ಬೀಳುತ್ತಿತ್ತು. ತಾತನ ಸೊಂಟ ಮುರೀತಿದೀವಿ ಅಂತ ತಾಯಮ್ಮ ದಿನವೆಲ್ಲಾ ಗೊಣಗಿದ್ದಳು. ಮರುವರ್ಷ ಮಾಘದಲ್ಲಿ ಇನ್ನೊಂದು ಕಾರ್ಡು ಬಂತು. ಹತ್ತು ಕಾರ್ಡು ಮಡಚಿ ತಾಯಮ್ಮ ಕೈ ನಿಲ್ಲಿಸಿದಳು. ಅದೇ ತಾತ, ಅದೇ ಸೊಂಟ. ಬಿಡಿಸಿ ನೋಡಿದರೆ ಗಂಡು ಅವನೇ, ಹೆಣ್ಣು ಬೇರೆ. ಅವಳು ಕಾರ್ಡು ಹಿಡಿದು ನೇರ ದೊಡ್ಡ ಸಾಹುಕಾರರ ಮುಂದೆ ನಿಂತಳು. ಅವರು ಹೆಣ್ಣಿನ ಮನೆಗೆ ತಾವೇ ಹೋದರು. ವಿಚಾರಿಸಿದರೆ ಮೊದಲನೆಯವಳನ್ನು ತವರಿಗೆ ಅಟ್ಟಿ ಸುದ್ದಿ ಮುಚ್ಚಿಟ್ಟಿದ್ದ. ಮದುವೆ ನಿಂತಿತು. ಎರಡು ವರ್ಷದ ಮೇಲೆ ಆ ಹುಡುಗಿಯ ಅಪ್ಪ ಬೇರೆ ಗಂಡಿನ ಹೆಸರು ಹಾಕಿಸಲು ನಮ್ಮ ಅಂಗಡಿಗೇ ಬಂದು, ಮೊದಲ ಕಾರ್ಡಿಗೆ ಅರಿಶಿನ ಹಚ್ಚಿ ತಾಯಮ್ಮನ ಕೈಗೆ ಕೊಟ್ಟ.

ತಾಯಮ್ಮ ಪೂರ್ತಿ ಕೇಳಿದಳು. "ಏನ್ ನಂಜಿ, ನಮ್ಮೆಜಮಾನ್ರೇ ಇಲ್ವಲ್ಲ ಇದ್ರಲ್ಲಿ?" ಅಂದಳು.

"ಅವರೇನ್ ಮಾಡಿದ್ರು ಇದ್ರಲ್ಲಿ?"

"ಗಿರಣಿ ಬಿಟ್ ತಕ್ಷಣ ದಿನಾ ಸೈಕಲ್ಲಲ್ಲಿ ಬಂದ್ ಕರ್ಕೊಂಡ್ ಹೋಗ್ತಿರ್ಲಿಲ್ವಾ? ಅವತ್ತೂ ಬಂದಿದ್ರು. ಮೊದಲು ಹೇಳಿದ್ದು ಅವ್ರಿಗೇ. ಹಾಕು. ಮುನಿಯಪ್ಪ ಅಂತ ಹೆಸರು ಹಾಕು. ಸತ್ತೋಗಿದಾರೆ ಅಂತ ಬಿಟ್ಬಿಡ್ತೀಯಾ?"

ಹಾಕಿದೆ. ಸಂಜೆ ಮುನಿಯಪ್ಪ ಸೈಕಲ್ಲು ಹಿಡಿದು ಅಂಗಡಿಯ ಎದುರು ನಿಂತಿದ್ದು, ತಾಯಮ್ಮ ಕೆಳಗಿಳಿದು ನಡೆದದ್ದೆಲ್ಲಾ ಹೇಳಿದ್ದು, ಅವನು ಅವಳಿಗೆ ಒಂದು ಪೊಟ್ಟಣ ಕಡಲೆಕಾಯಿ ಕೊಡಿಸಿದ್ದು. ಕತೆ ಅಲ್ಲಿಗೆ ಮುಗಿಯಿತು. ತಾಯಮ್ಮ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದು ಸೈನ್ ಹಾಕಿದಳು.

ಆ್ಯಪಿನಲ್ಲಿ ಹಾಕುವಾಗ ಒಂದು ಉದ್ದದ ಕರಾರು ಬಂತು. ಶೈಲಜಾ ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ, ಕೊನೆಯಲ್ಲಿ 'ಒಪ್ಪಿದ್ದೇನೆ' ಅಂತ ಇದ್ದ ಕಡೆ ಒತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ಒಂದು ಮದುವೆ ಕಾರ್ಡನ್ನು ಎರಡೆರಡು ಸಲ ಓದುವ ನಾವು, ಅದನ್ನು ಒಂದು ಸಲವೂ ಓದಲಿಲ್ಲ.

ಆಮೇಲೆ ಎರಡು ವಾರ ಹಬ್ಬ. ದಿನಾ ಬೆಳಿಗ್ಗೆ ಸೊಪ್ಪು ತರಲು ಹೋಗುವ ನೆಪದಲ್ಲಿ ಅಂಗಡಿಗೆ ಹೋಗುವುದು, ಶೈಲಜಾ ಕಾಮೆಂಟ್ ಓದುವುದು. ಯಾರೋ ದಾವಣಗೆರೆಯವರು, ಯಾರೋ ಮಸ್ಕತ್ತಿನವರು. ಒಬ್ಬ ನನ್ನನ್ನು 'ಮೇಡಂ' ಅಂದಿದ್ದ. ಅದನ್ನು ಎರಡು ಸಲ ಓದಿಸಿದೆ. ಒಂದು ದಿನ ಆ್ಯಪಿನ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿ, ತಾಯಮ್ಮನ ಕತೆಯನ್ನು ಆಡಿಯೋ ಮಾಡುತ್ತೇವೆ, ಮ್ಯೂಸಿಕ್ ಎಲ್ಲಾ ಇರುತ್ತೆ, ಆ ವಾರದ ಮೊದಲ ಪುಟಕ್ಕೆ ಹಾಕುತ್ತೇವೆ ಅಂದಳು. ನಾನು ಕುಣಿಯುವುದೊಂದು ಬಾಕಿ. ತಾಯಮ್ಮನಿಗೆ ಓದುವುದು ಕಷ್ಟ, ಕೇಳುವುದಾದರೆ ಸಲೀಸು.

ಆಡಿಯೋ ಬಂದ ದಿನ ನಾನು ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ತಾಯಮ್ಮನ ಜೊತೆಗೇ ಕೇಳೋಣ ಅಂದುಕೊಂಡೆ. ಪ್ರೂಫ್ ನೋಡದೆ ಕಾರ್ಡು ಹಂಚಿದ ಹಾಗೆ. ಶೈಲಜಾಳನ್ನೂ ಅವಳ ಫೋನನ್ನೂ ಎಬ್ಬಿಸಿಕೊಂಡು ಬಿನ್ನಿಪೇಟೆಗೆ ಹೋದೆ. ತಾಯಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ನಿಪ್ಪಟ್ಟು ಕರಿದಿದ್ದಳು. ಬೀದಿಯ ಹೆಂಗಸರೆಲ್ಲಾ ಬಂದಿದ್ದರು, ಮುನಿಯಪ್ಪನ ತಂಗಿ, ಅವಳ ನಾದಿನಿಯೂ ಬಂದಿದ್ದಳು. ಫೋನನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದಳು, ಸದ್ದು ಜೋರಾಗಿ ಕೇಳಲಿ ಅಂತ.

ಚೆನ್ನಾಗೇ ಶುರುವಾಯಿತು. ತಾತನ ಸೊಂಟ ಬಂತು, ಎಲ್ಲರೂ ನಕ್ಕರು. ಮದುವೆ ನಿಂತಿತು, ಯಾರೋ ಚಪ್ಪಾಳೆ ತಟ್ಟಿದರು. ಸಂಜೆಯಾಯಿತು. ಸೈಕಲ್ ಬೆಲ್ಲು ಕೇಳಿಸಿತು. ಮ್ಯೂಸಿಕ್ಕು ಒಂಥರಾ ನಡುಗಿತು. ತಾಯಮ್ಮ ಮೆಟ್ಟಿಲಿಳಿದಳು. ಆಗ ಆ ದನಿ ಹೇಳಿತು: ಕೆಳಗೆ ನಿಂತಿದ್ದ ಅವಳ ಗಂಡ ಮುನಿಯಪ್ಪನ ಕಣ್ಣಲ್ಲಿ ಭಯವಿತ್ತು, ಏಕೆಂದರೆ ಆ ಕಾರ್ಡಿನ ಮದುಮಗ ಬೇರೆ ಯಾರೂ ಅಲ್ಲ, ಅವನೇ. ಹೆಸರು ಬದಲಿಸಿ ಮೂರನೆಯ ಮದುವೆಗೆ ಹೊರಟಿದ್ದ.

ನಿಪ್ಪಟ್ಟು ಕಡಿಯುತ್ತಿದ್ದವರ ಬಾಯಿ ಅಲ್ಲೇ ನಿಂತಿತು.

ತಾಯಮ್ಮ ಚೊಂಬಿನಿಂದ ಫೋನು ತೆಗೆದು ಶೈಲಜಾಳ ಕೈಗೆ ಕೊಟ್ಟಳು. ನಾದಿನಿಯ ಕಡೆ ಒಂದು ಸಲ ನೋಡಿದಳು. "ನಂಜಿ, ನಾನ್ ಸೈನ್ ಹಾಕಿದ್ದು ಇದಕ್ಕಲ್ಲ," ಅಂದಳು.

"ನಾ ಬರ್ದಿಲ್ಲ ಕಣೇ ಇದನ್ನ."

"ಬರ್ದೋರ್ ಯಾರಾದ್ರೂ ಆಗ್ಲಿ. ನನ್ ಸೈನ್ ಇಸ್ಕೊಂಡೋಳು ನೀನು. ಸೈನ್ ವಾಪಸ್ ಕೊಡು."

ಮೂವತ್ತೆಂಟು ವರ್ಷದಲ್ಲಿ ಒಬ್ಬ ಪಾರ್ಟಿಯೂ ಆ ಮಾತು ಆಡಿರಲಿಲ್ಲ. ನನ್ನ ಚೀಲದಲ್ಲೇ ಇತ್ತು ಆ ಪ್ರೂಫ್. ಕೊಟ್ಟೆ. ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಮಡಿಕೆ ಮಾತ್ರ ನೀಟಾಗಿತ್ತು.

ದಾರಿಯುದ್ದಕ್ಕೂ ಶೈಲಜಾ ಅತ್ತಳು. ನಾನು ಬೈದೆ. ಅವಳನ್ನಲ್ಲ, ನನ್ನನ್ನೇ. ಅಂಗಡಿಗೆ ಬಂದು ಆ್ಯಪಿನ ಆ ಹೆಂಗಸಿಗೆ ಫೋನ್ ಹಚ್ಚಿಸಿದೆ.

"ಅಮ್ಮಾ, ಕೇಳುಗರು ತುಂಬಾ ಇಷ್ಟಪಟ್ಟಿದಾರೆ," ಅಂದಳು ಅವಳು. ಮಾತು ಬೆಣ್ಣೆಯಂತಿತ್ತು. "ಕೊನೇಲಿ ಒಂದು ಟ್ವಿಸ್ಟ್ ಬೇಕಿತ್ತು. ಬದಲಾಯಿಸ್ಕೋಬೋದು ಅಂತ ನೀವೇ ಒಪ್ಪಿದೀರಲ್ಲಾ."

"ಒಪ್ಪಿದ್ದು ತಪ್ಪಾಯ್ತು. ಸತ್ತಿರೋ ಮನುಷ್ಯನಿಗೆ ಮೂರ್ ಮದ್ವೆ ಮಾಡ್ಸಿದೀರಲ್ಲಮ್ಮಾ, ಊಟ ಯಾರ್ ಹಾಕ್ತಾರೆ?"

ಅವಳು ನಗಲಿಲ್ಲ. ನಿಜವಾದ ಜನ ಅಂತ ಗೊತ್ತಿರಲಿಲ್ಲ ಅಂದಳು. ಸ್ವಲ್ಪ ಹೊತ್ತು ಯಾರನ್ನೋ ಕೇಳಿಕೊಂಡು ಬಂದಳು. ಆಡಿಯೋ ಒಂದನ್ನೇ ತೆಗೆಯಲು ಬರುವುದಿಲ್ಲ, ನನ್ನ ಖಾತೆ ಮುಚ್ಚಿದರೆ ಅದರ ಜೊತೆ ಹೋಗುತ್ತದೆ. ಆದರೆ ಒಂಬತ್ತೂ ಕತೆ ಹೋಗುತ್ತವೆ, ಓದುಗರೂ ಹೋಗುತ್ತಾರೆ, ಮೊದಲ ಪುಟವೂ ಹೋಗುತ್ತದೆ. ಯೋಚನೆ ಮಾಡಿ ಹೇಳಿ ಅಂದಳು.

ನಾನು ತಕ್ಷಣ ಹೂಂ ಅನ್ನಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಮೇಡಂ ಅಂದವನ ನೆನಪಾಯಿತು. ಮಸ್ಕತ್ತಿನವರ ನೆನಪಾಯಿತು. ಮೇಜಿನ ಮೇಲೆ ಕೈಯೂರಿ ಕೂತೆ. ಹೊರಗೆ ಗಾಳಿ ಒಂದು ಸ್ಯಾಂಪಲ್ ಕಾರ್ಡನ್ನು ಕಿತ್ತು ಮೋರಿಗೆ ಹಾಕಿತು.

ರುದ್ರಣ್ಣ ಪೇಪರ್ ಮಡಚಿದರು. "ನಂಜಮ್ಮನೋರೆ, ಕಾರ್ಡ್ ಆರಿಸೋಕೆ ಪಾರ್ಟಿ ಬಂದ್ರೆ ನಮ್ಮಪ್ಪ ಮೊದಲು ಏನ್ ಕೇಳೋರು?"

"ಯಾರನ್ನ ಕರೀತೀರಿ ಅಂತ."

"ನೀವು ಯಾರನ್ನ ಕರೀತಿದೀರಿ?"

ಈ ಪ್ರಶ್ನೆ ಮೂರು ದಿನದ ಕಾಫಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ಆ ಕತೆಗಳನ್ನು ಬರೆದದ್ದು ಮೇಜಿನ ನಾಲ್ಕು ಹೆಂಗಸರಿಗೆ. ಆ ನಾಲ್ವರಲ್ಲಿ ಒಬ್ಬಳೂ ಆ್ಯಪಿನಲ್ಲಿ ಅದನ್ನು ಓದಿರಲಿಲ್ಲ. ರಾಜಮ್ಮನ ಫೋನಿನಲ್ಲಿ ಜಾಗ ಇಲ್ಲ, ಇಳಿಯುವುದಿಲ್ಲ. ಗಿರಿಜಮ್ಮನಿಗೆ ಅದು ಯಾವುದೋ ನಂಬರು ಕೇಳುತ್ತದೆ, ಹೆದರಿ ಮುಚ್ಚುತ್ತಾಳೆ. ಲಕ್ಷ್ಮೀದೇವಿಗೆ ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ. ದಾವಣಗೆರೆಗೆ ಕಾರ್ಡು ಮುಟ್ಟಿದೆ, ಪಕ್ಕದ ಮನೆಗೆ ಮುಟ್ಟಿಲ್ಲ.

"ತಪ್ಪು ಅಚ್ಚಾದ್ರೆ ಏನ್ ಮಾಡೋರು?" ಅಂದರು ರುದ್ರಣ್ಣ ಮತ್ತೆ.

"ಇಡೀ ಲಾಟು ಕತ್ತರಿಗೆ."

"ಮತ್ತೆ?"

"ಶೈಲೂ, ಕತ್ತರಿ ಹಾಕು," ಅಂದೆ.

ಅವಳು ಖಾತೆ ಮುಚ್ಚುವ ಕಡೆ ಒತ್ತಿದಳು. ಖಚಿತವೇ ಅಂತ ಅದು ಎರಡು ಸಲ ಕೇಳಿತು. ಹಾಕುವಾಗ ಇಷ್ಟು ಕೇಳಿರಲಿಲ್ಲ.

ನಮ್ಮದೇ ಪುಟ ಮಾಡುವ ಕೆಲಸ ಮರುದಿನವೇ ಶುರುವಾಯಿತು. ಹೆಸರು ಕೇಳಬಾರದು, ನಂಬರು ಕೇಳಬಾರದು. ವಾಟ್ಸಾಪಿನಲ್ಲಿ ಬಂದ ಸಾಲನ್ನು ಒತ್ತಿದರೆ ಕತೆ ತೆರೆಯಬೇಕು. ಅಕ್ಷರ ವಧುವರರ ಹೆಸರಿನಷ್ಟು ದಪ್ಪ ಇರಬೇಕು, ಕೆಳಗೆ ಬರೆಯುವ 'ಆಶೀರ್ವಾದವೇ ಉಡುಗೊರೆ'ಯಷ್ಟು ಸಣ್ಣದಲ್ಲ. ಶೈಲಜಾ ಯಾರುಯಾರನ್ನೋ ಕೇಳಿ ಮಾಡಿದಳು. ಸುತ್ತ ಒಂದು ಬಂಗಾರದ ಬಾರ್ಡರೂ ಹಾಕಿದಳು. ಕಾರ್ಡಿನ ಚಾಳಿ, ಬಿಡಲಿಲ್ಲ. ಎಂಟು ಕತೆ ಕೂತವು. ಒಂಬತ್ತನೆಯದರ ಜಾಗ ಖಾಲಿ ಇಟ್ಟೆವು. ಸೈನ್ ಇಲ್ಲವಲ್ಲ.

ನಾನು ಬಿನ್ನಿಪೇಟೆಗೆ ಎರಡು ಸಲ ಹೋದೆ. ಮೊದಲ ಸಲ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ತೆಗೆದು, ಆಡಿಯೋ ತೆಗೆಸಿದ್ದು ಕೇಳಿ, "ನಾದಿನಿ ಇನ್ನೂ ಆಡ್ಕೊಂಡ್ ನಗ್ತಾಳೆ," ಅಂದು ಮುಚ್ಚಿದಳು. ಕಾಲಿಗೆ ಬೀಳುವುದು ನನಗೂ ಬರುವುದಿಲ್ಲ, ಬಿದ್ದರೆ ಅವಳಿಗೂ ಹಿಡಿಸುವುದಿಲ್ಲ. ವಾಪಸ್ ಬಂದೆ.

ಶ್ರಾವಣ ಬಿತ್ತು. ಸುಲ್ತಾನ್‌ಪೇಟೆಗೆ ಜೀವ ಬಂತು. ಅಂಗಡಿಯಲ್ಲಿ ಎರಡು ಪಾರ್ಟಿ, ಮೂರು ಪ್ರೂಫ್, ಶೈಲಜಾಳಿಗೆ ಮೂಗು ಒರೆಸಲು ಪುರುಸೊತ್ತಿಲ್ಲ. ಮೊದಲ ಶುಕ್ರವಾರ ಮಧ್ಯಾಹ್ನ ತಾಯಮ್ಮ ಮೆಟ್ಟಿಲು ಹತ್ತಿ ಬಂದಳು. ಅದೇ ರೇಷ್ಮೆ ಸೀರೆ. ಜೊತೆಯಲ್ಲಿ ನಾದಿನಿ.

"ಇವ್ಳು ಕೇಳ್ಬೇಕಂತೆ, ನಿಜವಾದ್ ಕತೆ," ಅಂದಳು. "ನಾನೇ ಓದ್ತೀನಿ. ನೀನ್ ಕಣ್ಣು ಓಡ್ಸು, ನಂಜಿ."

ರವಿಕೆಯಿಂದ ಆ ಪ್ರೂಫ್ ತೆಗೆದಳು. ನಾನು ನನ್ನ ಕೈಬರಹದ ಕಾರ್ಡು ಹಿಡಿದು ಪಕ್ಕದಲ್ಲಿ ಕೂತೆ. ಸದ್ದಾಗದಿರಲಿ ಅಂತ ರುದ್ರಣ್ಣ ಫ್ಯಾನು ನಿಲ್ಲಿಸಿ, ಪಾರ್ಟಿಯವರನ್ನು ಸುಮ್ಮನೆ ಕೂರಿಸಿದರು. ಶೈಲಜಾ ಫೋನಿನಲ್ಲಿ ರೆಕಾರ್ಡ್ ಒತ್ತಿದಳು. ತಾಯಮ್ಮ ಬೆರಳಿಟ್ಟು ಓದಿದಳು. ಒಂದೊಂದು ಪದಕ್ಕೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು. ತಾತನ ಹೆಸರಿಗೆ ನಾಲ್ಕು ಸಲ ಎಡವಿದಳು, ನಾಲ್ಕು ಸಲವೂ ಅವನನ್ನೇ ಬೈದಳು. ಪಾರ್ಟಿಯವರು ತಮ್ಮ ಕಾರ್ಡು ಮರೆತು ನಕ್ಕರು. ಸಂಜೆಯಾಯಿತು, ಸೈಕಲ್ಲು ಬಂತು. ಅಲ್ಲಿ ನಿಲ್ಲಿಸಿದಳು.

"ಏನಾಯ್ತೇ?" ಅಂದೆ.

"ಅವ್ರ ಸೈಕಲ್ಲಿಗೆ ಬೆಲ್ಲೇ ಇರ್ಲಿಲ್ಲ," ಅಂದಳು ನಾದಿನಿಯ ಕಡೆ ತಿರುಗಿ. "ಬಾಯಲ್ಲೇ ಟ್ರಿಣ್ ಟ್ರಿಣ್ ಅನ್ನೋರು. ನಿಮ್ಮಣ್ಣ. ನೆನಪಿದ್ಯಾ?"

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ನಕ್ಕಳೋ ಅತ್ತಳೋ ನಾನು ನೋಡಲು ಹೋಗಲಿಲ್ಲ. ತಾಯಮ್ಮ ಕಡಲೆಕಾಯಿ ಪೊಟ್ಟಣದವರೆಗೂ ಓದಿ ಮುಗಿಸಿ, ಪ್ರೂಫ್ ನನ್ನ ಮುಂದೆ ತಳ್ಳಿದಳು. ನಾನು ಬೆಲ್ಲಿನ ವಿಷಯ ಅದರ ಅಂಚಿಗೆ ಬರೆದ ಮೇಲೆ, ಹಳೆಯ ಸೈನಿನ ಪಕ್ಕದಲ್ಲೇ ಇನ್ನೊಂದು ಸೈನ್ ಹಾಕಿದಳು, ಈ ಸಲ ಸ್ವಲ್ಪ ದೊಡ್ಡದಾಗಿ.

ಶೈಲಜಾ ಬೆಲ್ಲಿನ ವಿಷಯವೂ ಸೇರಿಸಿ, ತಾಯಮ್ಮನ ದನಿಯ ಸಮೇತ ಒಂಬತ್ತನೆಯ ಕತೆಯನ್ನು ಪುಟಕ್ಕೆ ಹಾಕಿದಳು. ನಾಲ್ಕೂ ಜನಕ್ಕೆ ವಾಟ್ಸಾಪ್ ಕಳಿಸಿದಳು. ಕಾಫಿ ಬಂತು, ಕುಡಿದೆವು. ಒಂದು ಗಂಟೆಯಾದ ಮೇಲೆ ಶೈಲಜಾ ಕಂಪ್ಯೂಟರು ನೋಡಿ ಮುಖ ಸಣ್ಣ ಮಾಡಿಕೊಂಡಳು.

"ನಂಜಮ್ಮ, ಬರೀ ಹನ್ನೊಂದ್ ಜನ ನೋಡಿದಾರೆ."

ನಾನು ಬಾಯಿ ತೆಗೆಯುವ ಮುಂಚೆ ತಾಯಮ್ಮ ಲೋಟ ಕೆಳಗಿಟ್ಟಳು.

"ನಾಲ್ಕ್ ಜನಕ್ಕೆ ಕಾರ್ಡ್ ಕೊಟ್ಟು ಹನ್ನೊಂದ್ ಜನ ಬಂದವ್ರೆ," ಅಂದಳು. "ಮದ್ವೆ ಮನೆ ಆಗಿದ್ರೆ ಅಡಿಗೆಯೋನು ಸೌಟು ಬಿಸಾಕಿ ಓಡೋಗ್ತಿದ್ದ ಕಣೇ."